ಹಳೆಯ ಕಾರು ಮತ್ತು ದುರಸ್ತಿಯ ಹಕ್ಕು

ಹೊಸ ಮಧ್ಯಮ ದರ್ಜೆಯ ಎಸ್‌ಯುವಿಯೊಂದರ ಬೆಲೆಗೆ ಹತ್ತು ವರ್ಷ ಹಳೆಯದಾದ ಐಷಾರಾಮಿ ವಿದೇಶಿ ಕಾರು ದೊರೆಯುತ್ತದೆ ಎಂಬುದು ಬೆಂಗಳೂರಿನಲ್ಲಿ ಈಗ ಗುಟ್ಟಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಕೋಟಿಯ ಸಮೀಪ ಬೆಲೆಯಿದ್ದ ಕಾರನ್ನು ಇಪ್ಪತ್ತು ಲಕ್ಷಕ್ಕೆ ಕೊಂಡ ಯುವಕರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಒಂದೆರಡು ವರ್ಷದೊಳಗೆ ಅದನ್ನು ಹನ್ನೆರಡು ಲಕ್ಷಕ್ಕೆ ಮಾರಿ ನಿಟ್ಟುಸಿರು ಬಿಟ್ಟವರೂ ಇದ್ದಾರೆ. ಈ ಅಗ್ಗದ ಬೆಲೆ ಯಾರೋ ಮಾಡಿದ ಉಪಕಾರವಲ್ಲ. ಮುಂದೆ ತೆರಬೇಕಾದ ದುರಸ್ತಿಯ ವೆಚ್ಚವನ್ನು ಮುಂಗಡವಾಗಿಯೇ ಕಳೆದು ಮಾರುಕಟ್ಟೆ ಹೇಳುವ ಬೆಲೆ ಅದು. ಆ ವೆಚ್ಚ ಅಷ್ಟೊಂದು ಇರಲೇಬೇಕೇ, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಶ್ರೀಮಂತರ ಖಯಾಲಿಗೆ ಸೀಮಿತವಾದುದಲ್ಲ ಎಂಬುದು ನನ್ನ ವಾದ.

ನಾನೇ ಅಂಥದೊಂದು ಕಾರಿನ ಮಾಲೀಕ ಎಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ. ನಿವೃತ್ತಿಯ ಮರುವರ್ಷ, 2019ರಲ್ಲಿ, ಒಂಬತ್ತು ವರ್ಷ ಹಳೆಯದಾದ ಎಂಟು ಸಿಲಿಂಡರಿನ, ಎರಡು ಬಾಗಿಲಿನ ಕಾರೊಂದನ್ನು 19 ಲಕ್ಷ ರೂಪಾಯಿಗೆ ಕೊಂಡೆ. ಹೊಸದಾಗಿದ್ದಾಗ ಅದರ ಬೆಲೆ 90 ಲಕ್ಷದ ಆಸುಪಾಸು. ಕಂಪನಿಯ ಹೆಸರು ಇಲ್ಲಿ ಅಪ್ರಸ್ತುತ. ಸೇವೆಯಲ್ಲಿದ್ದಾಗ ಇಂಥ ಕಾರು ಮನೆಯ ಮುಂದೆ ನಿಂತಿದ್ದರೆ ಲೋಕಾಯುಕ್ತದವರು ಬಂದು ಬಾಗಿಲು ತಟ್ಟುತ್ತಿದ್ದರೋ ಏನೋ. ನಿವೃತ್ತನಿಗೆ ಆ ಭಯವಿಲ್ಲ. ಅರ್ಥಶಾಸ್ತ್ರ ಓದಿದವನ ಚಟದಂತೆ ಕೊಂಡ ದಿನದಿಂದ ಪ್ರತಿ ರೂಪಾಯಿಯ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. 2025ರವರೆಗಿನ ಆರು ವರ್ಷಗಳಲ್ಲಿ ಓಡಿದ್ದು 31 ಸಾವಿರ ಕಿಲೋಮೀಟರ್. ಪೆಟ್ರೋಲಿಗೆ ಸುಮಾರು ಐದು ಲಕ್ಷ, ವಿಮೆಗೆ ಮೂರು ಲಕ್ಷ, ಬಿಡಿಭಾಗ ಮತ್ತು ಕೂಲಿಗೆ ಹದಿನಾಲ್ಕೂವರೆ ಲಕ್ಷ. ಕಾರಿಗೆ ಕೊಟ್ಟುದಕ್ಕಿಂತ ಅದನ್ನು ಓಡಿಸಲು ಕೊಟ್ಟದ್ದೇ ಹೆಚ್ಚು. ಹೀಗಾಗುವುದೆಂದು ಕೊಳ್ಳುವ ಮೊದಲೇ ಅಂದಾಜು ಮಾಡಿದ್ದೆ. ಅಂದಾಜು ಬಹುಮಟ್ಟಿಗೆ ಸರಿಯಾಯಿತು.

ಇಂಥ ಕಾರುಗಳನ್ನು ಇಟಲಿಯವರು ‘ಗ್ರಾನ್ ಟುರಿಸ್ಮೊ’ ಎಂದು ಕರೆದರು. 1951ರ ಲ್ಯಾನ್ಸಿಯಾ ಆರೇಲಿಯಾ ಬಿ20 ಮಾದರಿಯನ್ನು ಆಧುನಿಕ ಜಿಟಿ ಕಾರುಗಳ ಮೂಲಪುರುಷನೆಂದು ಹಲವರು ಪರಿಗಣಿಸುತ್ತಾರೆ. ಓಟದ ಸ್ಪರ್ಧೆಗಲ್ಲ, ದಿನವಿಡೀ ದೂರ ಕ್ರಮಿಸಿ ಇಳಿದಾಗಲೂ ಬೆನ್ನು ನೋಯದಿರಬೇಕು ಎಂಬುದು ಇದರ ಆಶಯ. ನಸುಕಿನಲ್ಲಿ ಬೆಂಗಳೂರು ಬಿಟ್ಟು, ಚಿತ್ರದುರ್ಗದಲ್ಲಿ ತಿಂಡಿ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿಯ ತಂಗಿಯ ಮನೆ ಸೇರಿದಾಗ, ಅರವತ್ತು ದಾಟಿದ ದೇಹಕ್ಕೆ ಆ ಆಶಯದ ಅರ್ಥ ಚೆನ್ನಾಗಿ ತಿಳಿಯುತ್ತದೆ. ಬೆಂಗಳೂರಿನ ರಸ್ತೆ ಉಬ್ಬುಗಳ ಮೇಲೆ ಅದರ ಹೊಟ್ಟೆ ಉಜ್ಜುವಾಗ ಬೇರೆಯೇ ಅರ್ಥ ತಿಳಿಯುತ್ತದೆ ಎನ್ನುವುದೂ ನಿಜ.

ಬೆಲೆಯ ವಿಷಯಕ್ಕೆ ಬರೋಣ. ಜಗತ್ತಿನ ಎಲ್ಲೆಡೆ ಈ ವರ್ಗದ ಕಾರುಗಳ ಬೆಲೆ ಕಡಿದಾದ ಇಳಿಜಾರಿನಲ್ಲಿ ಜಾರುತ್ತದೆ. ಅತ್ಯಂತ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಕ್ರೂ ಪಟ್ಟಣದಲ್ಲಿ ತಯಾರಾಗುವ ಬೆಂಟ್ಲಿ ಕಾಂಟಿನೆಂಟಲ್ ಜಿಟಿ. 2003ರಲ್ಲಿ ಬಂದಾಗ ಅಲ್ಲಿ ಅದರ ಬೆಲೆ ಸುಮಾರು ಒಂದು ಲಕ್ಷದ ಹತ್ತು ಸಾವಿರ ಪೌಂಡ್. ಆ ಮೊದಲ ವರ್ಷಗಳ ಕಾರುಗಳು ಮುಂದೆ ಇಪ್ಪತ್ತು ಸಾವಿರ ಪೌಂಡಿಗೂ ಕಡಿಮೆಗೆ ಇಳಿದವು. ಆರು ಲೀಟರಿನ ಹನ್ನೆರಡು ಸಿಲಿಂಡರಿನ ಎಂಜಿನ್, ಎರಡು ಟರ್ಬೊ, ಎರಡೂಕಾಲು ಟನ್ನಿಗೂ ಮೀರಿದ ತೂಕ, ಗಾಳಿಯ ಮೇಲೆ ನಿಂತ ಸಸ್ಪೆನ್ಷನ್. ಮುಂಭಾಗದಲ್ಲಿ ಕೈ ಹಾಕಲೂ ಜಾಗವಿಲ್ಲದಷ್ಟು ಒತ್ತಾಗಿ ಎಂಜಿನ್ ಕೂರಿಸಿರುವುದರಿಂದ ಹಲವು ಕೆಲಸಗಳಿಗೆ ಇಡೀ ಎಂಜಿನ್ನನ್ನೇ ಹೊರತೆಗೆಯಬೇಕು. ಕಾರಿನ ಬೆಲೆ ಐದನೇ ಒಂದು ಭಾಗಕ್ಕೆ ಇಳಿದಿದೆ ಎಂದು ಎಂಜಿನ್ ಇಳಿಸುವವನ ಕೂಲಿ ಐದನೇ ಒಂದು ಭಾಗಕ್ಕೆ ಇಳಿಯುವುದಿಲ್ಲ. ಕಾರಿನ ಬೆಲೆ ವಯಸ್ಸನ್ನು ಹಿಂಬಾಲಿಸುತ್ತದೆ. ಬಿಡಿಭಾಗದ ಬೆಲೆ ಕಾರಿನ ಅಂತಸ್ತನ್ನು ಹಿಂಬಾಲಿಸುತ್ತದೆ.

ಅದೇ ಬೆಂಟ್ಲಿಯ ಇನ್ನೊಂದು ಸಂಗತಿ ಸ್ವಾರಸ್ಯಕರ. 1998ರಲ್ಲಿ ಫೋಕ್ಸ್‌ವ್ಯಾಗನ್ ಆ ಕಂಪನಿಯನ್ನು ಕೊಂಡ ನಂತರ ಕಾಂಟಿನೆಂಟಲ್ ಜಿಟಿಯನ್ನು ತನ್ನ ಫೇಟನ್ ಕಾರಿನ ತಳಹದಿಯ ಮೇಲೆ ರೂಪಿಸಿತು. ಆದ್ದರಿಂದ ಅದರ ಹಲವು ಬಿಡಿಭಾಗಗಳು ಎರಡೂ ಕಾರುಗಳಿಗೆ ಸಮಾನ. ಪೆಟ್ಟಿಗೆಯ ಮೇಲೆ ಯಾವ ಹೆಸರು ಅಚ್ಚಾಗಿದೆ ಎಂಬುದರ ಮೇಲೆ ಬೆಲೆ ಬದಲಾಗುತ್ತದೆ. ಬ್ರಿಟನ್ನಿನ ಅನುಭವಸ್ಥ ಮಾಲೀಕರು ಈ ಭಾಗಗಳ ಸಂಖ್ಯೆಗಳನ್ನು ಹೋಲಿಸಿ ನೋಡಿ, ಸ್ವತಂತ್ರ ಗ್ಯಾರೇಜುಗಳ ನೆರವಿನಿಂದ ಇಂಥ ಕಾರುಗಳನ್ನು ಸಾಕುತ್ತಾರೆ. ಅಂಥ ಗ್ಯಾರೇಜು ಇರುವಲ್ಲಿ ಹಳೆಯ ಕಾರಿಗೆ ಆಯುಷ್ಯವುಂಟು. ಇಲ್ಲದಿರುವಲ್ಲಿ ಒಂದು ದೊಡ್ಡ ಬಿಲ್ಲು ಬಂದ ದಿನವೇ ಅದು ಗುಜರಿ.

ನನ್ನ ಕಾರಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಮೂರನೆಯ ವರ್ಷ ಒಂದು ಬೆಳಿಗ್ಗೆ ನೋಡಿದರೆ ಅದರ ಮುಂದಿನ ಬಲಮೂಲೆ ಕುಸಿದು ಮಂಡಿಯೂರಿದಂತೆ ನಿಂತಿತ್ತು. ಗಾಳಿಯ ಸಸ್ಪೆನ್ಷನ್ನಿನಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರಿನ ಚೀಲಗಳಿರುತ್ತವೆ. ಹತ್ತು ವರ್ಷದ ಬಿಸಿಲು, ಧೂಳಿಗೆ ರಬ್ಬರು ಗಡಸಾಗಿ ಸೂಜಿಮೊನೆಯಷ್ಟು ಬಿರುಕು ಬಿಡುತ್ತದೆ. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಅಂದರೆ ಸಣ್ಣ ಸೋರಿಕೆಯನ್ನು ಅಲಕ್ಷಿಸಿದರೆ ಎರಡು ವೆಚ್ಚ. ಅಧಿಕೃತ ಸರ್ವಿಸ್ ಕೇಂದ್ರವೊಂದು ಮುಂದಿನ ಎರಡೂ ಸ್ಟ್ರಟ್ ಮತ್ತು ಕಂಪ್ರೆಸರ್ ಬದಲಿಸಲು 4.8 ಲಕ್ಷದ ಅಂದಾಜುಪಟ್ಟಿ ಕೊಟ್ಟಿತು. ರಬ್ಬರು ಚೀಲವನ್ನಷ್ಟೇ ಬದಲಿಸಲಾಗದೇ ಎಂದು ಕೇಳಿದೆ. ಅದು ಬಿಡಿಯಾಗಿ ಬರುವುದಿಲ್ಲ ಎಂದರು.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಪರಿಚಯಿಸಿದ ಮೆಕ್ಯಾನಿಕ್ ಒಬ್ಬರು ಅದೇ ಕೆಲಸವನ್ನು 1.3 ಲಕ್ಷಕ್ಕೆ ಮಾಡಿದರು. ಸ್ಟ್ರಟ್ಟನ್ನು ಬಿಚ್ಚಿ ಚೀಲವನ್ನು ಮಾತ್ರ ಬದಲಿಸಿ, ಕಂಪ್ರೆಸರನ್ನು ಹೊಸದಾಗಿ ಹಾಕಿದರು. “ಸಾರ್, ಕೈಕೆಲಸ ಕಷ್ಟ ಇಲ್ಲ. ಕೊನೆಯಲ್ಲಿ ಕಾರಿಗೆ ಹೇಳ್ಬೇಕಲ್ಲ, ನಿನ್ನ ಎತ್ತರ ಇಷ್ಟು ಅಂತ, ಅದೇ ಕಷ್ಟ” ಎಂದರು. ಎತ್ತರವನ್ನು ಕಾರಿನ ಕಂಪ್ಯೂಟರಿಗೆ ತಿಳಿಸಲು ಕಂಪನಿಯ ಸಾಫ್ಟ್‌ವೇರ್ ಬೇಕು. ಅದನ್ನು ಅವರಿಗೆ ಯಾರೂ ಮಾರುವುದಿಲ್ಲ. ಎಲ್ಲಿಂದಲೋ ಸಂಪಾದಿಸಿದ ಉಪಕರಣವೊಂದನ್ನು ಜೋಡಿಸಿ ಕೆಲಸ ಮುಗಿಸಿದರು. ಅದರ ಕಾನೂನು ಸ್ವರೂಪವನ್ನು ನಾನು ವಿಚಾರಿಸಲಿಲ್ಲ. ಅಂದಿನಿಂದ ಆ ಮೂಲೆ ಕುಸಿದಿಲ್ಲ.

ಬ್ಯಾಟರಿಯ ಕಥೆಯೂ ಇಂಥದೇ. ಈ ಕಾರುಗಳಲ್ಲಿ ಬ್ಯಾಟರಿ ಬದಲಿಸಿದರೆ ಸಾಲದು. ಹೊಸ ಬ್ಯಾಟರಿ ಬಂದಿದೆಯೆಂದು ಕಾರಿನಲ್ಲಿ ‘ನೋಂದಾಯಿಸಬೇಕು’. ಇಲ್ಲದಿದ್ದರೆ ಹಳೆಯ ಬ್ಯಾಟರಿಗೆ ವಿದ್ಯುತ್ ತುಂಬಿದಂತೆಯೇ ಹೊಸದಕ್ಕೂ ತುಂಬಿ ಅದರ ಆಯುಷ್ಯ ಕಡಿಮೆಯಾಗುತ್ತದೆ. ಗೇರ್‌ಬಾಕ್ಸ್ ಎಣ್ಣೆಯನ್ನು ‘ಜೀವಾವಧಿಗೆ ಸಾಕಾಗುವುದು’ ಎಂದು ಹಲವು ಕಾರು ಕಂಪನಿಗಳು ವರ್ಣಿಸುತ್ತವೆ. ಆದರೆ ಅಂಥ ಹಲವು ಗೇರ್‌ಬಾಕ್ಸುಗಳನ್ನು ತಯಾರಿಸುವ ಜರ್ಮನಿಯ ಜಡ್‌ಎಫ್ ಸಂಸ್ಥೆ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರಿನೊಳಗೆ ಎಣ್ಣೆ ಬದಲಿಸಲು ಸಲಹೆ ನೀಡುತ್ತದೆ. ಯಾರ ಜೀವಾವಧಿ ಎಂಬ ಪ್ರಶ್ನೆ ಇಲ್ಲಿ ಸಹಜ. ವಾರಂಟಿಯ ಅವಧಿ ಮುಗಿದ ಮೇಲೆ ಬರುವ ಎರಡನೆಯ, ಮೂರನೆಯ ಮಾಲೀಕನ ಜೀವಾವಧಿಯಂತೂ ಅಲ್ಲ.

ಸೇವೆಗೆ ಸೇರಿದ ಹೊಸತರಲ್ಲಿ ನಾನು ಓಡಾಡಿದ್ದು ಸರ್ಕಾರಿ ಜೀಪು, ಅಂಬಾಸಿಡರುಗಳಲ್ಲಿ. ಆ ಅಂಬಾಸಿಡರನ್ನು ಹೊಗಳುವ ಉದ್ದೇಶ ನನಗಿಲ್ಲ. ಅದರ ಬ್ರೇಕು, ಸ್ಟೀರಿಂಗುಗಳನ್ನು ಬಲ್ಲವರು ಹೊಗಳಲಾರರು. ಆದರೆ ರಾಯಚೂರು ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರದಲ್ಲಿ ಕೆಟ್ಟು ನಿಂತರೂ ಮರದಡಿಯ ಗ್ಯಾರೇಜಿನವನು ಒಂದು ಗಂಟೆಯಲ್ಲಿ ಅದನ್ನು ಹೊರಡಿಸುತ್ತಿದ್ದ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅದರ ತಯಾರಿಕೆಯನ್ನು ನಿಲ್ಲಿಸಿದ ಮೇಲೂ ಹಲವು ವರ್ಷ ಅವು ರಸ್ತೆಯಲ್ಲಿದ್ದವು. ಅದರ ಒಳಗುಟ್ಟು ಯಾರಿಗೂ ಮುಚ್ಚಿರಲಿಲ್ಲ ಎಂಬುದೇ ಕಾರಣ.

ಬಳಸಿದ ಕಾರುಗಳ ಮಾರುಕಟ್ಟೆಯೆಂದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ ನೆನಪಾಗುತ್ತಾರೆ. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಇಷ್ಟೆ: ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಎಲ್ಲ ಕಾರನ್ನೂ ಅನುಮಾನಿಸಿ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೆಯ ಕಾರಿನ ಮಾಲೀಕ ಆ ಬೆಲೆಗೆ ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳು. ಈ ಪ್ರಬಂಧವನ್ನು ಕೆಲವು ಪ್ರತಿಷ್ಠಿತ ಪತ್ರಿಕೆಗಳು ಮೊದಲು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಅಕರ್ಲಾಫ್ 1967–68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಆರಿಸುವ ಭಾರತದ ಗೃಹಿಣಿಯರು ಆ ಪ್ರಬಂಧದಲ್ಲಿ ಉದಾಹರಣೆಯಾಗಿ ಬರುತ್ತಾರೆ.

ಬೆಂಗಳೂರಿನ ಮಟ್ಟಿಗೆ ಇದು ಪುಸ್ತಕದ ಮಾತಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಶ್ರೀಮಂತ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ನೀರು ಕುಡಿದ ಕಾರು ತೊಳೆದು ಒರೆಸಿಕೊಂಡು ಮತ್ತೊಂದು ಊರಿನ ಅಂಗಡಿಯಲ್ಲಿ ಹೊಳೆಯುತ್ತ ನಿಂತರೆ ಗುರುತಿಸುವುದು ಹೇಗೆ? ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿಯ ದಿನಾಂಕ, ವಿಮೆ ಚಾಲ್ತಿಯಲ್ಲಿದೆಯೇ ಎಂಬ ವಿವರ ಸಿಗುತ್ತದೆ. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ವಿಮಾ ಪರಿಹಾರ ಪಡೆದಿದೆ ಎಂಬುದು ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ಎಂಒಟಿ ಪರೀಕ್ಷೆ ಕಡ್ಡಾಯ. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವ ದೋಷಕ್ಕೆ ಅನುತ್ತೀರ್ಣವಾಯಿತು ಎಂಬುದನ್ನು ನೋಂದಣಿ ಸಂಖ್ಯೆಯೊಂದಿದ್ದರೆ ಯಾರು ಬೇಕಾದರೂ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಮೀಟರ್ ತಿರುಗಿಸುವವನ ಕಸುಬಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರಿಲ್ಲ.

ಆದರೆ ಅಕರ್ಲಾಫರ ವಿವರಣೆ ಇಲ್ಲಿ ಅರ್ಧ ಮಾತ್ರ ಸಾಲುತ್ತದೆ. ಕಾರಿನ ಇತಿಹಾಸ ಪೂರ್ಣವಾಗಿ ತಿಳಿದಿದ್ದರೂ, ಅದನ್ನು ದುರಸ್ತಿ ಮಾಡಬಲ್ಲವನು ಊರಿಗೆ ಒಬ್ಬನೇ ಆಗಿದ್ದು ಅವನು ಹೇಳಿದ್ದೇ ಬೆಲೆಯಾಗಿದ್ದರೆ, ಆ ಕಾರು ಅಗ್ಗವಾಗಿಯೇ ಇರುತ್ತದೆ. ಮಾಹಿತಿಯ ಕೊರತೆಗೆ ದುರಸ್ತಿಯ ಏಕಸ್ವಾಮ್ಯವೂ ಸೇರಿಕೊಂಡಿದೆ. ವಿಮೆಯ ನಿಯಮಗಳು ಇದನ್ನು ಇನ್ನಷ್ಟು ಹರಿತಗೊಳಿಸುತ್ತವೆ. ದುರಸ್ತಿ ವೆಚ್ಚ ಕಾರಿನ ವಿಮಾ ಮೌಲ್ಯದ ಶೇ 75ನ್ನು ಮೀರಿದರೆ ಆ ಕಾರು ‘ಸಂಪೂರ್ಣ ನಷ್ಟ’ ಎಂದು ಪರಿಗಣಿತವಾಗುತ್ತದೆ. ಹದಿನೈದು ಲಕ್ಷದ ಮೌಲ್ಯಕ್ಕೆ ಇಳಿದ, ಆದರೆ ತೊಂಬತ್ತು ಲಕ್ಷದ ಕಾರಿನ ಬಿಡಿಭಾಗಗಳಿರುವ ವಾಹನವು ಎದುರಿನ ಬಸ್ಸಿಗೆ ಸಾಧಾರಣ ವೇಗದಲ್ಲಿ ತಗುಲಿದರೂ, ಬಂಪರು, ಎರಡು ಹೆಡ್‌ಲೈಟು, ರೇಡಿಯೇಟರು, ಏರ್‌ಬ್ಯಾಗುಗಳ ಬೆಲೆಯಿಂದಲೇ ಆ ಗೆರೆ ದಾಟಬಲ್ಲದು.

ತೆರಿಗೆಯೂ ಅಂತಸ್ತನ್ನೇ ನೋಡುತ್ತದೆ. ನಾನು ಕಾರು ಹುಡುಕುತ್ತಿದ್ದಾಗ ಅದೇ ಮಾದರಿ ದೆಹಲಿಯಲ್ಲಿ ಐದು ಲಕ್ಷ ಕಡಿಮೆಗೆ ಇತ್ತು. ಹಸಿರು ನ್ಯಾಯಮಂಡಳಿಯ 2015ರ ಮತ್ತು ಸುಪ್ರೀಂ ಕೋರ್ಟಿನ 2018ರ ಆದೇಶಗಳ ನಂತರ, ಹದಿನೈದು ವರ್ಷದ ಪೆಟ್ರೋಲ್ ಕಾರಿಗೆ ಅಲ್ಲಿ ಭವಿಷ್ಯವಿಲ್ಲವೆಂದು ಜನ ಮೊದಲೇ ಮಾರತೊಡಗಿದ್ದರು. ಆದರೆ ಅದನ್ನು ಇಲ್ಲಿಗೆ ತಂದು ಮರುನೋಂದಣಿ ಮಾಡಿಸಿದರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಕಾರುಗಳಿಗೆ ಅದರ ಮೂಲ ದರ ಶೇ 18. ವಯಸ್ಸಿಗೆ ತಕ್ಕ ರಿಯಾಯಿತಿ ಉಂಟಾದರೂ ಲೆಕ್ಕದ ಆಧಾರ ನಾವು ಕೊಟ್ಟ ಬೆಲೆಯಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ. ಪುದುಚೇರಿಯ ನೋಂದಣಿ ಫಲಕ ಹೊತ್ತ ಐಷಾರಾಮಿ ಕಾರುಗಳು ಬೆಂಗಳೂರಿನಲ್ಲಿ ಓಡಾಡುವುದಕ್ಕೂ, 2025ರ ಫೆಬ್ರುವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ತೆರಿಗೆ ಕಟ್ಟದ ದುಬಾರಿ ಕಾರುಗಳನ್ನು ಸಾಲುಸಾಲಾಗಿ ವಶಪಡಿಸಿಕೊಂಡದ್ದಕ್ಕೂ ಹಿನ್ನೆಲೆ ಇದು. ತೆರಿಗೆ ತಪ್ಪಿಸುವವರ ಪರ ನಾನು ವಕಾಲತ್ತು ವಹಿಸಲಾರೆ. ಸಿರಿವಂತಿಕೆಯ ಬಳಕೆಗೆ ಹೆಚ್ಚು ತೆರಿಗೆ ನ್ಯಾಯವೇ. ಒಂದೇ ಕಾರಿಗೆ ರಾಜ್ಯ ಬದಲಿಸಿದಾಗಲೆಲ್ಲ ‘ಜೀವಾವಧಿ’ ಮತ್ತೆ ಮತ್ತೆ ಆರಂಭವಾಗುವುದು ಮಾತ್ರ ಭಾಷೆಗೂ ತರ್ಕಕ್ಕೂ ಹೊಂದದು.

ಕೆಲವರಷ್ಟೇ ಅನುಭವಿಸುವ ಈ ತಾಪತ್ರಯಕ್ಕೆ ಸರ್ಕಾರ ಏಕೆ ತಲೆಕೆಡಿಸಿಕೊಳ್ಳಬೇಕು ಎಂದು ಓದುಗರು ಕೇಳಬಹುದು. ಐಷಾರಾಮಿ ಕಾರಿನಲ್ಲಿ ಎದ್ದು ಕಾಣುವ ರೋಗ ಸಾಮಾನ್ಯ ಕಾರಿನಲ್ಲಿ ಇಲ್ಲವೆಂದಲ್ಲ, ಅಲ್ಲಿ ಅದು ಸಣ್ಣದಾಗಿ ಕಾಣುತ್ತದೆ ಅಷ್ಟೆ. ಎಂಟು ಲಕ್ಷದ ಕಾರಿನ ಎಲೆಕ್ಟ್ರಾನಿಕ್ ಸ್ಟೀರಿಂಗ್ ಕೆಟ್ಟರೂ ಈಗ ಕಂಪ್ಯೂಟರು ಜೋಡಿಸದೆ ಮೆಕ್ಯಾನಿಕ್ ಮುಂದುವರಿಯಲಾರ. ಸಾಲ ಮಾಡಿ ಟ್ಯಾಕ್ಸಿ ಕೊಂಡವನಿಗೆ ಅಂಥ ಒಂದು ಬಿಲ್ಲು ತಿಂಗಳ ಗಳಿಕೆಯನ್ನೇ ನುಂಗುತ್ತದೆ. ವಿದ್ಯುತ್ ಕಾರುಗಳಲ್ಲಿ ಬೆಲೆಯ ದೊಡ್ಡ ಪಾಲು ಬ್ಯಾಟರಿಯದು. ಅದರ ಒಂದು ಕೋಶ ಕೆಟ್ಟಾಗ ಬಿಚ್ಚಿ ಸರಿಪಡಿಸುವ ಅಧಿಕಾರ ಯಾರಿಗಿರುತ್ತದೆ ಎಂಬುದರ ಮೇಲೆ ಇಂದು ಅವನ್ನು ಕೊಳ್ಳುತ್ತಿರುವ ಮಧ್ಯಮವರ್ಗದವರ ಆಸ್ತಿಯ ಮೌಲ್ಯ ಎಂಟು ವರ್ಷದ ನಂತರ ನಿರ್ಧಾರವಾಗುತ್ತದೆ.

ನಮ್ಮ ಸಂಸ್ಥೆಗಳಿಗೆ ಇದು ತಿಳಿಯದ ವಿಷಯವೇನಲ್ಲ. 2011ರಲ್ಲಿ ಸಲ್ಲಿಕೆಯಾದ ದೂರೊಂದನ್ನು ವಿಸ್ತರಿಸಿ ತನಿಖೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆ, ಕಾರು ಕೊಂಡ ಮೇಲೆ ಗ್ರಾಹಕ ಸೆರೆಯಾಳಾಗುತ್ತಾನೆ ಎಂಬುದು ಆದೇಶದ ಸಾರಾಂಶ. ಸ್ಪರ್ಧೆಯ ವಿಷಯದಲ್ಲಿ ನಮ್ಮ ದೇಶದಲ್ಲಿ ಬಂದ ಅತ್ಯಂತ ದೂರದೃಷ್ಟಿಯ ಆದೇಶಗಳಲ್ಲಿ ಇದೂ ಒಂದೆಂದು ನಾನು ಭಾವಿಸುತ್ತೇನೆ. ಅದು ಮೇಲ್ಮನವಿ, ಹೈಕೋರ್ಟುಗಳ ದೀರ್ಘ ಹಾದಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಡಿಸೆಂಬರಿನಲ್ಲಿ ಪೋರ್ಟಲೊಂದನ್ನು ಆರಂಭಿಸಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲು ಮಾಹಿತಿಯನ್ನು ತೋರಿಸಬಲ್ಲದು, ಕೊಡದವರನ್ನು ಕೊಡುವಂತೆ ಮಾಡಲಾರದು. ಅದಕ್ಕೆ ಕಾಯ್ದೆ ಬೇಕು. ಐರೋಪ್ಯ ಒಕ್ಕೂಟ 2007ರ ನಿಯಮದಲ್ಲೇ ದುರಸ್ತಿಯ ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಒದಗಿಸುವುದನ್ನು ಕಡ್ಡಾಯ ಮಾಡಿತು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಭಾರಿ ಬಹುಮತದಿಂದ ಇಂಥದೇ ಕಾನೂನಿಗೆ ಒಪ್ಪಿಗೆ ಕೊಟ್ಟರು.

ಸುರಕ್ಷತೆ ಮತ್ತು ಕಳ್ಳತನದ ಭಯವನ್ನು ಕಂಪನಿಗಳು ಮುಂದಿಡುತ್ತವೆ. ಆ ವಾದದಲ್ಲಿ ತಥ್ಯವಿಲ್ಲದೆ ಇಲ್ಲ. ಕಾರಿನ ಕೀಲಿಯ ಸಂಕೇತ, ಏರ್‌ಬ್ಯಾಗಿನ ನಿಯಂತ್ರಣಗಳನ್ನು ಪರಿಶೀಲಿತ, ಪರವಾನಗಿ ಪಡೆದ ಗ್ಯಾರೇಜುಗಳಿಗಷ್ಟೇ ಕೊಡಲಿ. ಯುರೋಪಿನಲ್ಲಿಯೂ ಅಂಥ ವ್ಯವಸ್ಥೆಯಿದೆ. ಬ್ಯಾಟರಿ ನೋಂದಾಯಿಸುವುದಕ್ಕೂ ಗೇರ್‌ಬಾಕ್ಸಿನ ಎಣ್ಣೆ ಬದಲಿಸುವುದಕ್ಕೂ ಅದೇ ನೆಪ ಹೇಳಿದರೆ ಒಪ್ಪಲಾಗದು. ದುರಸ್ತಿ ಸುಲಭವಾದರೆ ಮರುಮಾರಾಟದ ಬೆಲೆ ಏರುತ್ತದೆ, ಅದು ಏರಿದರೆ ಹೊಸ ಕಾರು ಕೊಳ್ಳುವವನಿಗೂ ಧೈರ್ಯ ಬರುತ್ತದೆ ಎಂಬ ಸರಳ ಲೆಕ್ಕ ಕಂಪನಿಗಳಿಗೆ ಗೊತ್ತಿಲ್ಲದಿಲ್ಲ. ಇಂದಿನ ಬಿಡಿಭಾಗದ ಲಾಭ ಅವರಿಗೆ ಹೆಚ್ಚು ಹತ್ತಿರದ್ದಾಗಿ ಕಾಣುತ್ತದೆ.

ಕೇಂದ್ರದ ಕಾಯ್ದೆ ಬರುವವರೆಗೆ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. ಮಾಲೀಕತ್ವ ವರ್ಗಾವಣೆಗೆ ಇಂದು 29 ಮತ್ತು 30ನೇ ನಮೂನೆಗಳನ್ನು ತುಂಬುತ್ತೇವೆ. ಅದೇ ಸಮಯದಲ್ಲಿ, ಹಾಗೆಯೇ ಹೊಗೆ ತಪಾಸಣೆಯ ಸಮಯದಲ್ಲಿ, ಓಡೋಮೀಟರಿನ ಸಂಖ್ಯೆಯ ಚಿತ್ರವೊಂದನ್ನು ದಾಖಲಿಸಿ ಸಾರ್ವಜನಿಕವಾಗಿ ನೋಡುವಂತೆ ಮಾಡಲು ಕರ್ನಾಟಕದ ಸಾರಿಗೆ ಇಲಾಖೆ ಕೇಂದ್ರಕ್ಕೆ ಪ್ರಸ್ತಾವ ಕಳಿಸಬಹುದು. ಸರ್ಕಾರಿ ಐಟಿಐಗಳ ಮೋಟಾರು ವಾಹನ ವಿಭಾಗಕ್ಕೆ ಕಂಪನಿಗಳ ದೋಷ ಪತ್ತೆಯ ಸಾಫ್ಟ್‌ವೇರನ್ನು ಪರವಾನಗಿ ಸಹಿತ ಖರೀದಿಸಿಕೊಟ್ಟು, ಸ್ವತಂತ್ರ ಮೆಕ್ಯಾನಿಕ್‌ಗಳು ಸಂಜೆಯ ಹೊತ್ತು ಶುಲ್ಕ ಕೊಟ್ಟು ಅದನ್ನು ಬಳಸಲು ಅವಕಾಶ ಮಾಡಬಹುದು. ಸರ್ಕಾರ ತಾನೇ ಸಾವಿರಾರು ವಾಹನಗಳನ್ನು ಕೊಳ್ಳುತ್ತದೆ. ದುರಸ್ತಿಯ ಕೈಪಿಡಿ ಮತ್ತು ಸಾಫ್ಟ್‌ವೇರನ್ನು ನ್ಯಾಯವಾದ ದರದಲ್ಲಿ ಎಲ್ಲರಿಗೂ ಮಾರಲು ಒಪ್ಪುವ ಕಂಪನಿಗೆ ಆದ್ಯತೆ ಎಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಲು ವಿಧಾನಸಭೆಯ ಅಪ್ಪಣೆಯೂ ಬೇಕಾಗಿಲ್ಲ. ಟೆಂಡರು ಷರತ್ತುಗಳನ್ನು ಬರೆಯುವ ಮೇಜಿನ ಹಿಂದೆ ನಾನೂ ಕೆಲವು ವರ್ಷ ಕುಳಿತಿದ್ದೆ. ಅಂಥ ಒಂದು ವಾಕ್ಯಕ್ಕೆ ಹಣಕಾಸು ಇಲಾಖೆಯ ಸಹಮತಿ ಪಡೆಯಲು ಹೆಚ್ಚೆಂದರೆ ಎರಡು ವಾರ ಸಾಕು.